ಪರಸ್ಥಾನಕ್ಕೆ ಹೋದ ಕೆಂಪು ಚೀಲ

ನನ್ನ ವೀಸಾ ಅರ್ಜಿಗೆ ಮೀನಿನ ವಾಸನೆ ಇತ್ತು. ಮಡಿಯ ಮನೆಯಲ್ಲಿ ಹುಟ್ಟಿ, ಈರುಳ್ಳಿ ಹೆಚ್ಚುವುದಕ್ಕೂ ಪಂಚಾಂಗ ನೋಡುವವರ ನಡುವೆ ಬೆಳೆದ ನಾನು, ಐವತ್ತಾರನೆಯ ವಯಸ್ಸಿನಲ್ಲಿ ಐರ್ಲೆಂಡಿಗೆ ಹೋಗಲು ಅನುಮತಿ ಕೊಡಿ ಎಂದು ಕೇಳುವ ಕಾಗದಗಳನ್ನು ಗಾಜಿನ ಕಿಂಡಿಯೊಳಗೆ ತಳ್ಳಿದಾಗ, ಆ ಕಡೆ ಕೂತಿದ್ದ ಹುಡುಗಿ ಮೂಗು ಅರಳಿಸಿದಳು. ಅದು ಹೇಗಾಯಿತೆಂದು ಹೇಳಬೇಕಾದರೆ ನನ್ನ ತಮ್ಮನಿಂದ ಶುರು ಮಾಡಬೇಕು.

ನಾವು ತಾತನ ಕಾಲದಿಂದ ವೆಸ್ಟ್ ಮಾಂಬಲಂನವರು. ತಾತ ರೈಲ್ವೆ ಕೆಲಸಕ್ಕೆಂದು ಮೈಸೂರು ಕಡೆಯಿಂದ ಈ ತಮಿಳು ಊರಿಗೆ ಬಂದು, ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಹಿಡಿದರು. ಆ ಮನೆ ಈಗ ಫ್ಲಾಟುಗಳಾಗಿದೆ, ನಾವು ಮಾತ್ರ ಹಾಗೇ ಇದ್ದೇವೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಸಿಟ್ಟು ಬಂದಾಗ ಮೊದಲು ಬಾಯಿಗೆ ಸಿಕ್ಕಿದ್ದು. ಅಣ್ಣ ಅತ್ತಿಗೆ ಮಹಡಿಯ ಮೇಲೆ. ಕೆಳಗೆ ಅಮ್ಮ, ನಾನು ಮತ್ತು ತಮ್ಮ. ತಮ್ಮ ಹುಟ್ಟಿದಾಗ ಡಾಕ್ಟರು ಡೌನ್ ಸಿಂಡ್ರೋಮ್ ಎಂದರಂತೆ, ನೆಂಟರು ಪ್ರಾರಬ್ಧ ಎಂದರಂತೆ. ಅಮ್ಮ ಏನೂ ಅನ್ನದೆ ಮಗುವಿಗೆ ಎಣ್ಣೆ ತಿಕ್ಕಿ ಎಳೆಬಿಸಿಲಿಗೆ ಮಲಗಿಸಿದಳಂತೆ. ನಾನು ಮದುವೆಯಾಗಲಿಲ್ಲ. ಅದಕ್ಕೆ ತಮ್ಮನೇ ಕಾರಣ ಎಂದು ಬಂಧುಬಳಗವೆಲ್ಲ ನಂಬಿದೆ. ನಿಜವಾದ ಕಾರಣ ನನ್ನನ್ನು ನೋಡಲು ಬಂದ ಗಂಡುಗಳು.

ಬ್ಯಾಂಕಿನ ಕೆಲಸ ಮುಗಿಸಿ ಬಂದ ಮೇಲೆ ನನ್ನ ಸಂಜೆಯೆಲ್ಲ ಅವನದು. ಹುರುಳಿಕಾಯಿ ನಾರು ತೆಗೆಯುವುದನ್ನು ಅವನಿಗೆ ಕಲಿಸಲು ನನಗೆ ಒಂದು ಮಳೆಗಾಲ ಬೇಕಾಯಿತು. ಕಲಿತ ಮೇಲೆ ಅವನು ಮನೆಯಲ್ಲಿ ಯಾರಿಗೂ ಹುರುಳಿಕಾಯಿ ಮುಟ್ಟಲು ಬಿಡಲಿಲ್ಲ. ಬುಟ್ಟಿಯಲ್ಲಿ ಒಂದೇ ಒಂದು ಉಳಿದರೂ ಹಸಿವಾದರೂ ಊಟಕ್ಕೆ ಏಳುತ್ತಿರಲಿಲ್ಲ. ಇಂಥವನು ಎರಡು ವರ್ಷದ ಹಿಂದೆ, ಎದೆಯಲ್ಲಿ ಕಫ ಕಟ್ಟಿ, ಆಸ್ಪತ್ರೆಗೆ ಹೋದವನು ಮರಳಿ ಬರಲಿಲ್ಲ. ಮಾತಾಡಿಸಲು ಬಂದವರೆಲ್ಲ ನನ್ನ ಕೈ ಹಿಡಿದು, "ಪಾಪ, ಹೋಗಲಿ ಬಿಡು, ನಿನಗೂ ಬಿಡುಗಡೆಯಾಯಿತು" ಎಂದರು. ಅವರಿಗೆಲ್ಲ ಕಾಫಿ ಕೊಟ್ಟೆ. ಲೋಟ ಹಾಗೇ ತಲೆಯ ಮೇಲೆ ಸುರಿಯಬೇಕು ಅನ್ನಿಸುತ್ತಿತ್ತು. ಬಿಡುಗಡೆಯಂತೆ! ಜೀವನದಲ್ಲಿ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ ಒಂದು, ಅದೂ ಕೈಬಿಟ್ಟು ಹೋಗಿತ್ತು.

ಬ್ಯಾಂಕಿನಲ್ಲಿ ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಯಲ್ಲಿ ಕೂತೆ. ಹಳೆಯ ಸಹೋದ್ಯೋಗಿಯ ಮಗಳೊಬ್ಬಳು ಒಂದು ದಿನ ಬಂದು ಐರ್ಲೆಂಡಿನ ಒಂದು ಹಳ್ಳಿಯ ವಿಷಯ ಹೇಳಿದಳು. ಅಲ್ಲೊಂದು ಸೇವಾ ಸಂಸ್ಥೆ. ನನ್ನ ತಮ್ಮನಂಥವರೂ ಉಳಿದವರೂ ಒಂದೇ ಮನೆಯಲ್ಲಿ ಒಟ್ಟಿಗೆ ಇರುತ್ತಾರೆ, ಒಟ್ಟಿಗೆ ಬ್ರೆಡ್ ಸುಡುತ್ತಾರೆ, ಆಡು ಸಾಕುತ್ತಾರೆ. ಸ್ವಯಂಸೇವಕರು ಒಂದು ವರ್ಷ ಅಲ್ಲೇ ಇದ್ದು ಜೊತೆಗೆ ದುಡಿಯಬೇಕು. ಊಟ, ವಸತಿ ಅವರದು. ಆ ಹುಡುಗಿ ಅಲ್ಲಿ ಇದ್ದು ಬಂದವಳು. "ಆಂಟಿ, ನೀವು ಅಪ್ಲೈ ಮಾಡಿ" ಎಂದಳು. ನಾನು ನಕ್ಕೆ. ಅವಳು ಹೋದ ಮೇಲೆ ನಗಲಿಲ್ಲ.

ವಿಡಿಯೋದಲ್ಲಿ ಸಂದರ್ಶನ ಮಾಡಿದ ಆ ಸಂಸ್ಥೆಯ ಹಿರಿಯರು ನನ್ನ ಡಿಗ್ರಿ ಕೇಳಲಿಲ್ಲ. ತಮ್ಮನ ಜೊತೆ ದಿನವಿಡೀ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಾನು ಹುರುಳಿಕಾಯಿಯ ಕತೆ ಹೇಳಿದೆ. ಅವರು ಬಹಳ ಹೊತ್ತು ನಕ್ಕು, ನಮ್ಮ ಮನೆಯಲ್ಲೂ ಒಬ್ಬಳಿದ್ದಾಳೆ, ಬಟಾಣಿ ಬಿಡಿಸಲು ಬೇರೆಯವರನ್ನು ಬಿಡುವುದಿಲ್ಲ, ಅವಳ ಪಕ್ಕದ ಕೋಣೆ ಖಾಲಿ ಇದೆ ಎಂದರು. ಅಷ್ಟೇ. ಬಂಧುಗಳು ಪಾಪ ಎಂದದ್ದನ್ನು ಯಾರೋ ದೂರದವರೊಬ್ಬರು ವಿದ್ಯೆ ಎಂದು ಒಪ್ಪಿಕೊಂಡರು. ಆ ಋಣ ನನ್ನ ಮೇಲೆ ಯಾವಾಗಲೂ ಇದೆ.

ಕರೆಯುವುದೇನೋ ಕರೆದರು, ಹೋಗುವುದಕ್ಕೆ ವೀಸಾ ಬೇಕಲ್ಲ. ಅವರ ಆಹ್ವಾನ ಪತ್ರ, ಪೊಲೀಸರ ಪ್ರಮಾಣಪತ್ರ, ಆರೋಗ್ಯದ್ದು, ವಿಮೆಯದ್ದು, ಒಂದೊಂದಕ್ಕೂ ಒಂದೊಂದು ಬಾಗಿಲು. ತಮ್ಮನ ಶಾಲೆಯ ಹಳೆಯ ಹೆಡ್ ಮಿಸ್ಸು ಕೈ ನಡುಗುತ್ತಿದ್ದರೂ ತಾವೇ ಕೂತು ನನ್ನ ಬಗ್ಗೆ ಎರಡು ಪುಟ ಬರೆದುಕೊಟ್ಟರು. ಅಣ್ಣ ಆಫೀಸಿಗೆ ರಜೆ ಹಾಕಿ ನನ್ನ ಜೊತೆ ಅಲೆದ. ಕೊನೆಗೆ ಉಳಿದದ್ದು, ವರ್ಷ ಮುಗಿದ ಮೇಲೆ ತಿರುಗಿ ಬರುತ್ತೇನೆ ಅನ್ನುವುದಕ್ಕೆ ಪುರಾವೆ. ಮನೆಯ ಪತ್ರ, ಪೆನ್ಷನ್, ವಯಸ್ಸಾದ ತಾಯಿ ಎಲ್ಲ ತೋರಿಸಬೇಕು ಎಂದು ಅಣ್ಣ ಓದಿ ಹೇಳುತ್ತಿದ್ದ. ಅಮ್ಮ ಹೂ ಕಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ತಿರುಗಿ ಬರ್ತಾಳೋ ಇಲ್ಲವೋ ಅಂತ ಅವರಿಗೂ ಚಿಂತೆನಾ?" ಎಂದಳು.

"ಗವರ್ಮೆಂಟ್ ಅಂದ ಮೇಲೆ ಚಿಂತೆ ಇದ್ದೇ ಇರುತ್ತೆ" ಎಂದೆ. ಅವರಿಗೂ ಎಂದಳಲ್ಲ, ಆ ಮಾತಿನ ಕಡೆಗೆ ನನ್ನ ಕಿವಿ ಹೋಗಲಿಲ್ಲ. ಅಮ್ಮ ಬೇಡ ಎಂದವಳೇ ಅಲ್ಲ. ಎಂಬತ್ತನಾಲ್ಕು ವಯಸ್ಸಿನ ತಾಯಿ ಇಷ್ಟು ಸುಲಭವಾಗಿ ಒಪ್ಪಿದಳಲ್ಲ ಎಂದು ನನಗೆ ಒಳಗೊಳಗೇ ಒಂದು ಸಣ್ಣ ಬೇಸರ ಕೂಡ ಇತ್ತು.

ಅರ್ಜಿ ಸಲ್ಲಿಸಲು ಸಿಕ್ಕ ದಿನ ಸೋಮವಾರ, ಬೆಳಿಗ್ಗೆ ಹತ್ತೂವರೆ. ಅದು ತಪ್ಪಿದರೆ ಮುಂದಿನ ಸಮಯ ಸಿಗುವಷ್ಟರಲ್ಲಿ ಅಲ್ಲಿ ಚಳಿಗಾಲ ಬಂದಿರುತ್ತದೆ. ಅಷ್ಟರವರೆಗೆ ಕಾಯಲಾರೆವು, ಕೋಣೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಆ ಹಿರಿಯರು ಮೊದಲೇ ಹೇಳಿದ್ದರು. ಅಮ್ಮನಿಗೆ ದಿನ ಹೇಳಿದೆ. ಪಂಚಾಂಗ ತೆಗೆದಳು. ಅಜ್ಜಿಗೆ ಅರಿವೆಯ ಚಿಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

"ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ನೀನು ಹೊರಡೋದೇ ಆ ಹೊತ್ತಿಗೆ. ಮೇಲಿಂದ ಪೂರ್ವಕ್ಕೆ ಶೂಲ ಬೇರೆ, ಆವತ್ತು ಆ ದಿಕ್ಕಿಗೆ ಹೊರಡಬಾರದು."

"ಅಮ್ಮಾ, ರಾಹುವಿಗೆ ಹೇಳಿ ದಿನ ಬದಲಾಯಿಸೋಕೆ ಆಗಲ್ಲ."

"ಯಾರು ಬದಲಾಯಿಸು ಅಂದದ್ದು? ಪರಸ್ಥಾನ ಇಟ್ಟರಾಯ್ತು. ಅದೇನು ತೊಂದರೆ ನಿಂಗೆ?"

ಪರಸ್ಥಾನ ಎಂದರೆ ನಮ್ಮ ಕಡೆಯ ಒಂದು ಉಪಾಯ. ಹೊರಡುವ ಹೊತ್ತು ಒಳ್ಳೆಯದಿಲ್ಲದಿದ್ದರೆ, ಒಳ್ಳೆಯ ಹೊತ್ತು ನೋಡಿ ಮುಂಚಿತವಾಗಿ ಪ್ರಯಾಣದ ಒಂದು ಸಾಮಾನನ್ನು ಹೋಗುವ ದಿಕ್ಕಿನ ಇನ್ನೊಂದು ಮನೆಯಲ್ಲಿ ಇಡುವುದು. ಅಲ್ಲಿಗೆ ಪ್ರಯಾಣ ಆಗಲೇ ಶುರುವಾಯಿತು ಎಂದು ಲೆಕ್ಕ. ಮರುದಿನ ರಾಹುಕಾಲದಲ್ಲಿ ಹೊರಟರೂ ದೋಷವಿಲ್ಲ. ಆದರೆ ಇಟ್ಟ ಸಾಮಾನು ಮತ್ತೆ ನಮ್ಮ ಮನೆ ಹೊಗಬಾರದು, ಅಲ್ಲಿಂದಲೇ ಎತ್ತಿಕೊಂಡು ಹೋಗಬೇಕು. ದೇವರಿಗೇ ಟೋಪಿ ಹಾಕುವ ಈ ಏರ್ಪಾಡು ನನಗೆ ಚಿಕ್ಕಂದಿನಿಂದ ಇಷ್ಟ. ಒಂದು ಸೀರೆ ಇಟ್ಟುಬಿಡೋಣ ಎಂದೆ. ಅಮ್ಮ ಒಪ್ಪಲಿಲ್ಲ. ನಿಜವಾಗಿ ಹೋಗಬೇಕಾದದ್ದು ಸೀರೆಯಲ್ಲ, ಕಾಗದ. ಆದ್ದರಿಂದ ಪಾಸ್‌ಪೋರ್ಟೂ ಸೇರಿದಂತೆ ಇಡೀ ಫೈಲು ಕೆಂಪು ಬಟ್ಟೆಯ ಚೀಲದೊಳಗೆ ಹೋಯಿತು.

"ಐರ್ಲೆಂಡು ಯಾವ ಕಡೆ?" ಎಂದಳು.

"ಪಶ್ಚಿಮಕ್ಕೆ."

"ಹಾಗಾದರೆ ಎಣ್ಣೆ ಮಾಮನ ಮನೇಲಿ ಇಡು."

ಅತ್ತಿಗೆ ನನ್ನ ಮುಖ ನೋಡಿದಳು. ನಾನು ಅತ್ತಿಗೆಯ ಮುಖ ನೋಡಿದೆ. ಪೂರ್ವಕ್ಕೆ ಅಂಟಿದಂತೆ ಒಬ್ಬ ಮಾಮಿಯ ಮನೆಯಿದೆ. ತುಳಸಿ, ಶಾಲಿಗ್ರಾಮ, ಎರಡು ಹೊತ್ತು ನೈವೇದ್ಯ. ಪಶ್ಚಿಮಕ್ಕಿರುವ ಎಣ್ಣೆ ಮಾಮ ಮಣಲಿಯ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಟ್ಟೆಯಲ್ಲಿ ಯಾವಾಗಲೂ ಆ ವಾಸನೆ ಇರುತ್ತಿದ್ದುದರಿಂದ ನನ್ನ ತಮ್ಮ ಇಟ್ಟ ಹೆಸರು ಅದು. ಆಮೇಲೆ ಗಲ್ಲಿಯೆಲ್ಲ ಹಾಗೇ ಕರೆಯಿತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಪ್ರತಿ ಭಾನುವಾರ ನಸುಕಿನಲ್ಲೇ ಸ್ಕೂಟರ್ ಹತ್ತಿ ಕಾಸಿಮೇಡಿಗೆ ಹೋಗಿ, ದೋಣಿಯಿಂದ ಇಳಿದ ಮೀನನ್ನು ಹರಾಜಿನಲ್ಲಿ ಹಿಡಿದು ತಂದು ಹುರಿಯುತ್ತಾರೆ. ಆ ವಾಸನೆಗೆ ಅಮ್ಮ ಆ ಕಡೆಯ ಕಿಟಕಿ ಮುಚ್ಚಿ, ಮುಚ್ಚಿದ ಕಿಟಕಿಯ ಹಿಂದೆ ಕೂತು, "ಇವತ್ತು ದೊಡ್ಡದು ಸಿಕ್ಕಿದೆ ಅವರಿಗೆ" ಅನ್ನುತ್ತಿದ್ದಳು. ತಮ್ಮ ಪ್ರತಿ ಭಾನುವಾರವೂ ಆ ಸ್ಕೂಟರಿನ ಹಿಂದೆ. ಅವನು ಮರಳಿ ಬಂದರೆ ಅಮ್ಮ ಏನು ತಿಂದೆ ಎಂದು ಒಂದು ದಿನವೂ ಕೇಳಲಿಲ್ಲ. "ಸ್ನಾನ ಮಾಡ್ಕೊಂಡು ಒಳಗೆ ಬಾ" ಅಷ್ಟೇ.

ಭಾನುವಾರ ಬೆಳಿಗ್ಗೆ ಒಳ್ಳೆಯ ಹೊತ್ತಿಗೆ ಅಮ್ಮನೇ ನನ್ನ ಕೈ ಹಿಡಿದುಕೊಂಡು ಆ ಮನೆಯ ಬಾಗಿಲವರೆಗೆ ನಡೆದಳು. ಎಣ್ಣೆ ಮಾಮ ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಅಮ್ಮ ತನ್ನ ತಮಿಳಿನಲ್ಲಿ ಕಟ್ಟುನಿಟ್ಟಾಗಿ, ನಾಳೆ ಇವಳು ಬಂದು ತಗೊಳ್ಳೋ ತನಕ ಇದನ್ನು ಒಂಟಿಯಾಗಿ ಬಿಟ್ಟು ಎಲ್ಲೂ ಹೋಗಬೇಡಿ ಎಂದು ಹೇಳಿದಳು. ಅವರು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದರು.

ಸೋಮವಾರ ಏಳೂವರೆ ಆಗುತ್ತಲೇ ಸ್ನಾನ ಮುಗಿಸಿ, ಒಳ್ಳೆಯ ಸೀರೆ ಉಟ್ಟು ಪಶ್ಚಿಮದ ಮನೆಯ ಮುಂದೆ ನಿಂತೆ. ಬೀಗ. ಸ್ಕೂಟರೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಬಾಯಲ್ಲಿ ಎಷ್ಟೋ ಸಲ ಅಂದಿದ್ದೇನೆ, ಹೊಟ್ಟೆಯಲ್ಲಿ ಅನುಭವಿಸಿದ್ದು ಆವತ್ತೇ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅಣ್ಣ ಮೇಲಿಂದ ಇಳಿದು ಬಂದು ಬೀಗ ಒಡೆಸೋಣವೇ ಎಂದ. ನಾನು ಅಮ್ಮನ ಮೇಲೆ ಹರಿಹಾಯ್ದೆ. ಪರಸ್ಥಾನವಂತೆ, ಶೂಲವಂತೆ, ಆ ಶೂಲ ಈಗ ನನಗೇ ಚುಚ್ಚಿತಲ್ಲ ಎಂದು ಬೀದಿಗೆ ಕೇಳುವ ಹಾಗೆ ಕೂಗಿದೆ. ಅಮ್ಮ ಬಾಗಿಲಲ್ಲಿ ಕೂತು ನಿಧಾನವಾಗಿ, "ಅವರು ಮಾತು ತಪ್ಪೋ ಜನ ಅಲ್ಲ. ಕೊಂಚ ಇರು" ಎಂದಳು.

ಕೊನೆಗೆ ಫೋನ್ ಎತ್ತಿದರು. ಹಿಂದೆ ಗದ್ದಲವೋ ಗದ್ದಲ. ಯಾರೋ ಬೆಲೆ ಕೂಗುತ್ತಿದ್ದರು, ಕಾಗೆಗಳು ಬೇರೆ.

"ಮಾಮಾ, ಚೀಲ ಎಲ್ಲಿ?"

"ಎನ್ ಕಿಟ್ಟದಾನ್ ಇರುಕ್ಕು ಮಾ. ಭದ್ರಮಾ ಇರುಕ್ಕು" ಎಂದರು. ನನ್ನ ಹತ್ತಿರವೇ ಭದ್ರವಾಗಿದೆ!

ಆದದ್ದಿಷ್ಟು. ಚೀಲ ದೇವರ ಹಲಗೆಯ ಮೇಲೆ ಬಂದು ಕೂರುವುದಿತ್ತೆಂದು ಭಾನುವಾರ ಅವರು ಮೀನು ತಂದಿರಲಿಲ್ಲ, ಮನೆಯಲ್ಲಿ ಮೊಸರನ್ನ ಬಿಟ್ಟು ಬೇರೆ ಏನೂ ಆಗಿರಲಿಲ್ಲ. ಸೋಮವಾರ ನಸುಕಿಗೆ ನಾಲಿಗೆ ತಡೆಯಲಿಲ್ಲ. ಏಳಕ್ಕೆಲ್ಲ ತಿರುಗಿ ಬಂದುಬಿಡಬಹುದು ಎಂದು ಹೊರಟಿದ್ದಾರೆ. ಆದರೆ ಚೀಲವನ್ನು ಬಿಟ್ಟು ಹೋಗಬೇಡಿ ಎಂದು ಅಮ್ಮ ಆಜ್ಞೆ ಮಾಡಿದ್ದಾಳಲ್ಲ! ಆದ್ದರಿಂದ ಅದನ್ನೂ ಎದೆಗೆ ಅಡ್ಡಡ್ಡ ಹಾಕಿಕೊಂಡು ಹೋಗಿದ್ದಾರೆ. ಆವತ್ತು ದೋಣಿಗಳು ತಡವಾಗಿ ಬಂದವು. ನನ್ನ ಪಾಸ್‌ಪೋರ್ಟು ಐರ್ಲೆಂಡಿಗಿಂತ ಮೊದಲು ಕಾಸಿಮೇಡು ನೋಡಿತು.

ಮನೆಗೆ ಬರುವಷ್ಟು ಹೊತ್ತಿರಲಿಲ್ಲ. ನೇರವಾಗಿ ವೀಸಾ ಕೇಂದ್ರದ ಮುಂದೆ ಬರುತ್ತೇನೆ, ನೀವು ಅಲ್ಲಿಗೇ ಬನ್ನಿ ಎಂದರು. ಅಮ್ಮನಿಗೆ ಹೇಳಿದರೆ, "ಅದೇ ಸರಿ, ಚೀಲ ತಿರುಗಿ ಈ ಕಡೆ ಬರಲೂ ಬಾರದು" ಎಂದು ನೆಮ್ಮದಿಯಿಂದ ಒಳಗೆ ಹೋದಳು. ಜಗತ್ತೆಲ್ಲ ಅವಳ ಪಂಚಾಂಗದ ಪ್ರಕಾರವೇ ನಡೆಯುತ್ತಿತ್ತು. ನಾನು ಆಟೋ ಹಿಡಿದೆ. ಕೇಂದ್ರದ ಮೆಟ್ಟಿಲ ಬಳಿ ನಿಂತು ಬರುವ ಸ್ಕೂಟರುಗಳನ್ನೆಲ್ಲ ನೋಡುತ್ತಿದ್ದೆ. ಆ ಕೋಣೆ, ಬಟಾಣಿಯ ಆ ಹೆಂಗಸು, ಎಲ್ಲ ಕೈಜಾರಿದಂತೆ ಕಂಡಿತು. ಇದೂ ಹೋದರೆ ಇನ್ನು ಸಂಜೆಗಳನ್ನು ಏನು ಮಾಡಲಿ ಅನ್ನಿಸಿ, ನಡುಬೀದಿಯಲ್ಲಿ ಕಣ್ಣು ತುಂಬಿತು.

ಬಂದರು. ಮುಂದೆ ವೈರ್ ಬುಟ್ಟಿ, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಎದೆಯ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕೆಂಪು ಚೀಲ. ಅಂಗಿಯೆಲ್ಲ ಬೆವರು. ಇಳಿದವರೇ ಬೇರೇನೂ ಹೇಳದೆ, "ವಿಟ್ಟುಟ್ಟು ಪೋಗಾದೀಂಗನ್ನು ಅಮ್ಮಾ ಸೊನ್ನಾಂಗಳೇ" ಎಂದರು. ಬಿಟ್ಟು ಹೋಗಬೇಡಿ ಅಂತ ಅಮ್ಮ ಹೇಳಿದ್ದರಲ್ಲ! ಚೀಲ ಕಿತ್ತುಕೊಂಡು ಒಳಗೆ ಓಡಿದೆ.

ಕಿಂಡಿಯ ಹಿಂದಿನ ಹುಡುಗಿ ಮೂಗು ಅರಳಿಸಿ, ನನ್ನ ಕುಂಕುಮ ನೋಡಿ, ಫೈಲು ನೋಡಿ, ಮೆಲ್ಲಗೆ, "ವಂಜರಮಾ ಮೇಡಂ?" ಎಂದಳು. ವಂಜರಂ ಎಂದರೆ ಯಾವ ಮೀನು, ಅದರ ಬಾಲ ಯಾವುದು ತಲೆ ಯಾವುದು, ನನಗೇನು ಗೊತ್ತು? ಹೌದು ಎಂದೆ, ಗಂಭೀರವಾಗಿ. ಅವಳು ನಗು ತಡೆದುಕೊಂಡು ಕಾಗದಗಳನ್ನು ಒಂದೊಂದಾಗಿ ಜೋಡಿಸಿದಳು. ಎಲ್ಲ ಸರಿಯಾಗಿದೆ ಎಂದಳು. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ.

ಹೊರಗೆ ಬಂದರೆ ಎಣ್ಣೆ ಮಾಮ ಇನ್ನೂ ನಿಂತಿದ್ದರು. ಮೀನು ಬಿಸಿಲಿಗೆ ಕೆಡುತ್ತದೆ, ಹೋಗಿಬಿಡಬಾರದಿತ್ತೇ ಎಂದೆ. ಆಯಿತೋ ಇಲ್ಲವೋ ತಿಳಿಯದೆ ಹೇಗೆ ಹೋಗಲಿ ಎಂದರು. ಆಮೇಲೆ ಸ್ಕೂಟರಿನ ಕೊಕ್ಕೆಯಿಂದ ಒಂದು ನೀಲಿ ಹೆಲ್ಮೆಟ್ ತೆಗೆದು ನನ್ನ ಕೈಗೆ ಕೊಟ್ಟರು. ನನಗೆ ಗೊತ್ತಿರುವ ಹೆಲ್ಮೆಟ್ಟೇ ಅದು. ತಮ್ಮನಿಗೆಂದು ಅವರೇ ಕೊಂಡದ್ದು. ಬದಿಯಲ್ಲಿ ಅವನು ಅಂಟಿಸಿದ ನಕ್ಷತ್ರ ಇನ್ನೂ ಇತ್ತು. ಮೀನಿಗೆ ಹೋಗುವಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ ಮಾ, ಎಂದರು. ನಾನು ಅದನ್ನು ಹಾಕಿಕೊಂಡೆ. ಸರಿಯಾಗಿ ಹೊಂದಿತು. ಒಳ್ಳೆಯ ಸೀರೆಯುಟ್ಟು, ಮೀನಿನ ಬುಟ್ಟಿಯ ಜೊತೆಗೆ, ತಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು ವೆಸ್ಟ್ ಮಾಂಬಲಂವರೆಗೂ ಬಂದೆ. ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅತ್ತೆ. ಅಷ್ಟು ಸುಖವಾಗಿ ನಾನು ಅವನು ಹೋದ ಮೇಲೆ ಅತ್ತಿರಲಿಲ್ಲ.

ವೀಸಾ ಬಂತು. ಕಾದ ದಿನಗಳ ಬಗ್ಗೆ ಬರೆಯುವುದೇನಿಲ್ಲ. ಕೊರಿಯರ್ ಹುಡುಗರೆಲ್ಲ ನನಗೆ ಹೆದರತೊಡಗಿದ್ದರು ಎಂದರೆ ಸಾಕು. ಪಾಸ್‌ಪೋರ್ಟಿನ ಪುಟ ಮೂಗಿಗೆ ಹಿಡಿದು ನೋಡಿದೆ, ವಾಸನೆ ಹೋಗಿತ್ತು. ಅಮ್ಮ ಅದನ್ನು ದೇವರ ಮುಂದಿಟ್ಟು, ತಕ್ಷಣ ಪಂಚಾಂಗ ತೆಗೆದಳು. ವಿಮಾನವಿರುವುದು ಮತ್ತೆ ಒಂದು ಸೋಮವಾರ.

"ಭಾನುವಾರ ಬೆಳಿಗ್ಗೆ ಪರಸ್ಥಾನ. ಎಣ್ಣೆ ಮಾಮನ ಮನೇಲಿ" ಎಂದಳು.

ಈ ಸಲ ನಾನು ಸುಮ್ಮನಿರಲಿಲ್ಲ. "ಅಮ್ಮಾ, ಆವತ್ತು ನಾನು ಹೋಗಿದ್ದು ವೀಸಾ ಆಫೀಸಿಗೆ. ಅದು ಇರೋದು ಪೂರ್ವಕ್ಕೆ. ಶೂಲ ಇದ್ದದ್ದೂ ಪೂರ್ವಕ್ಕೆ. ಶಾಸ್ತ್ರದ ಪ್ರಕಾರ ಮಾಮಿ ಮನೇಲಿ ಇಡಬೇಕಿತ್ತು. ನಿನಗೆ ಅದು ಗೊತ್ತಿರಲಿಲ್ಲವಾ?"

"ಗೊತ್ತಿಲ್ಲದೆ ಏನು?"

"ಮತ್ತೆ?"

ಅಮ್ಮ ಪಂಚಾಂಗ ಮುಚ್ಚಿ ಪಶ್ಚಿಮದ ಕಿಟಕಿಯ ಕಡೆ ನೋಡಿದಳು. ಅದು ತೆರೆದೇ ಇತ್ತು. ತಮ್ಮ ಹೋದ ಮೇಲೆ ಅವಳು ಅದನ್ನು ಭಾನುವಾರವೂ ಮುಚ್ಚುತ್ತಿರಲಿಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದೇ ಆಗ.

"ಅವನು ಆ ಮನೆಯಿಂದ ಎಲ್ಲಿಗೆ ಹೋದರೂ ತಿರುಗಿ ಬಂದಿದಾನೆ ಕಣೇ" ಎಂದಳು. "ಮಳೆ ಬರಲಿ, ಗಾಳಿ ಬರಲಿ, ನಗ್ತಾ ಬಂದಿದಾನೆ. ಆಸ್ಪತ್ರೆಗೆ ಮಾತ್ರ ನಮ್ಮ ವಾಸಲಿಂದ, ಈ ಬಾಗಿಲಿಂದಲೇ ನೇರಾ ಹೋದ."

ವೀಸಾದವರಿಗೆ ಪುರಾವೆ ಕೊಡಲು ಅಷ್ಟು ಓಡಾಡಿದ ನಾನು, ಮನೆಯಲ್ಲೇ ಕೂತು ಕಾಯುತ್ತಿದ್ದವಳಿಗೆ ಬರುತ್ತೇನೆ ಎಂದು ಒಂದು ಮಾತೂ ಹೇಳಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. "ಬರ್ತೀನಿ ಅಮ್ಮಾ" ಎಂದೆ. "ಬರ್ತೀಯ, ಬರದೆ ಎಲ್ಲಿಗೆ ಹೋಗ್ತೀಯ" ಎಂದು ಬೈದಂತೆ ಹೇಳಿ ಕೈ ಬಿಡಿಸಿಕೊಂಡಳು. ಆಮೇಲೆ ಅಡಿಗೆ ಮನೆಗೆ ಹೋಗುತ್ತಾ, "ಚೀಲ ಇದೆ ಅಂತ ಆ ಮನುಷ್ಯ ಮತ್ತೆ ಭಾನುವಾರ ಬಾಯಿ ಕಟ್ಟಿಕೊಂಡು ಕೂತ್ಕೋಬಾರದು. ಮೀನು ತಂದ್ಕೊಳ್ಳಿ, ಅಮ್ಮನೇ ಹೇಳಿದಾಳೆ ಅಂತ ಹೇಳು" ಎಂದಳು.

ಭಾನುವಾರ ಬೆಳಿಗ್ಗೆ ಕೆಂಪು ಚೀಲ ಹಿಡಿದು ಪಶ್ಚಿಮದ ಮನೆಗೆ ಹೋಗಿ ಹಾಗೇ ಹೇಳಿದೆ. ಎಣ್ಣೆ ಮಾಮ ನಂಬಲಿಲ್ಲ. "ಅಮ್ಮಾವೇ ಸೊನ್ನಾಂಗಳಾ?" ಎಂದು ಎರಡು ಸಲ ಕೇಳಿದರು. ಅಮ್ಮನೇ ಹೇಳಿದ್ದು ಎಂದೆ. ಅವರು ದೇವರ ಹಲಗೆಯ ಮೇಲಿದ್ದ ನೀಲಿ ಹೆಲ್ಮೆಟ್ಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ನನ್ನ ಚೀಲಕ್ಕೆ ಜಾಗ ಮಾಡಿದರು.